ಮ್ಯೂನಿಕ್‌ನ ‘ಎಂಬ್ರಿಯೊ’, ಬೆಂಗಳೂರಿನ ತಾಳ: ಸೈಕೆಡೆಲಿಕ್ ರಾಕ್ ತಂಡವೊಂದರ ಬಳುವಳಿ

ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಹುಟ್ಟಿದ ‘ಎಂಬ್ರಿಯೊ’, ಸೈಕೆಡೆಲಿಕ್ ರಾಕ್ ಪ್ರಕಾರದ ದೀರ್ಘಾಯುಷಿ ತಂಡಗಳಲ್ಲಿ ಒಂದು. ಅದರ ಸಮಕಾಲೀನ ತಂಡಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಚದುರಿಹೋದವು. ಎಂಬ್ರಿಯೊ ಮಾತ್ರ ಅರ್ಧ ಶತಮಾನವನ್ನು ದಾಟಿ, ಸ್ಥಾಪಕನ ಮಗಳ ಕಾಲಕ್ಕೆ ಕಾಲಿಟ್ಟಿತು. ಈ ತಂಡದ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. 1980ರಲ್ಲಿ ಹೊರಬಂದ ಅದರ ‘ಲೈಫ್’ ಧ್ವನಿಮುದ್ರಿಕೆಯಲ್ಲಿ ಬೆಂಗಳೂರಿನ ಸಂಗೀತ ಸಂಸ್ಥೆಯಾದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಸಹಭಾಗಿಯಾಗಿತ್ತು. ಯುರೋಪಿನ ರಾಕ್ ಮತ್ತು ಜಾಜ್ ಶ್ರೋತೃಗಳಲ್ಲಿ ಅನೇಕರಿಗೆ ‘ಕರ್ನಾಟಕ’ ಎಂಬ ಪದದ ಮೊದಲ ಪರಿಚಯವಾದದ್ದೇ ಇಂತಹ ಧ್ವನಿಮುದ್ರಿಕೆಗಳ ಹೊದಿಕೆಗಳಿಂದ.

ವಿದೇಶದಲ್ಲಿ ಇಷ್ಟು ದೂರ ಸಾಗಿದ ಈ ಸಂಬಂಧದ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಹಾಗೂ ಕೊನ್ನಕ್ಕೋಲುಗಳ ಲೆಕ್ಕಾಚಾರವು ರಾಕ್ ತಂಡವೊಂದರ ಮೂಲಕ ಯುರೋಪನ್ನು ತಲುಪಿದ ಬಗೆ, ಆ ತಂಡದ ಸದಸ್ಯರು ಅದನ್ನು ಮುಂದೆ ಒಯ್ದ ಬಗೆ ಹಾಗೂ ಇಂದು ಅದರಲ್ಲಿ ಉಳಿದಿರುವುದೇನು ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಎರಡು ಕುರುಹುಗಳು

ಸೈಕೆಡೆಲಿಕ್ ಯುಗವು ಕರ್ನಾಟಕದಲ್ಲಿ ಎರಡು ಬಗೆಯ ಕುರುಹುಗಳನ್ನು ಬಿಟ್ಟುಹೋಯಿತು. ಒಂದು ಎಲ್ಲರ ಕಣ್ಣಿಗೂ ಬಿದ್ದದ್ದು, ಇನ್ನೊಂದು ಹೆಚ್ಚಿನವರು ಗಮನಿಸದೆ ಹೋದದ್ದು.

ಮೊದಲನೆಯದು ಕೊಪ್ಪಳ ಜಿಲ್ಲೆಯದು. ಹೇಮಗುಡ್ಡದ ಕೋಟೆ ಮತ್ತು ದುರ್ಗಾಪರಮೇಶ್ವರಿ ದೇವಸ್ಥಾನ, ಆನೆಗೊಂದಿಯ ಪುರಾತನ ಅವಶೇಷಗಳು ಇರುವ ಗಂಗಾವತಿ ಸೀಮೆಯಲ್ಲಿಯೇ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡಿಯೂ ಇದೆ. ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಂಡೆಯಲ್ಲಿರುವ ಈ ಊರು, ಗೋವೆಯಿಂದ ಹಂಪಿಗೆ ಬರುತ್ತಿದ್ದ ವಿದೇಶೀಯರ ತಂಗುದಾಣವಾಗಿ ಬೆಳೆದು, ಪ್ರವಾಸಿಗರ ಬಾಯಲ್ಲಿ ‘ಹಿಪ್ಪಿ ಐಲ್ಯಾಂಡ್’ ಎಂದೇ ಹೆಸರಾಯಿತು. ಗದ್ದೆಗಳ ಅಂಚಿನಲ್ಲಿ ರೆಸಾರ್ಟ್‌ಗಳು, ಉಪಾಹಾರ ಗೃಹಗಳು ತಲೆಯೆತ್ತಿದವು. ವಿಶ್ವ ಪರಂಪರೆ ತಾಣದ ಸಂರಕ್ಷಿತ ವ್ಯಾಪ್ತಿಯಲ್ಲಿ ಈ ಕಟ್ಟಡಗಳು ಅನಧಿಕೃತ ಎಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮರು ತಿಂಗಳೇ ತೆರವು ಕಾರ್ಯಾಚರಣೆ ನಡೆದು, ದಶಕಗಳ ಕಾಲ ಬೆಳೆದಿದ್ದ ಆ ಲೋಕ ಕೆಲವೇ ದಿನಗಳಲ್ಲಿ ನೆಲಸಮವಾಯಿತು.

ಎರಡನೆಯ ಕುರುಹು ಬೆಂಗಳೂರಿನ ಸಂಗೀತ ಪಾಠದ ಕೊಠಡಿಯಲ್ಲಿ ಮೂಡಿತು. ಅದಕ್ಕೆ ಕಟ್ಟಡದ ವೈಭವವಿರಲಿಲ್ಲ, ಪ್ರವಾಸಿಗರ ನೂಕುನುಗ್ಗಲೂ ಇರಲಿಲ್ಲ. ಕಲಿಸುವ ಗುರು ಮತ್ತು ಕಲಿಯಬಂದ ಪರದೇಶೀಯರ ನಡುವೆ ಬೆಳೆದ ಆ ಸಂಬಂಧವೇ ಬಾಳಿಕೆ ಬಂದದ್ದು.

ಸೈಕೆಡೆಲಿಕ್ ರಾಕ್ ಎಂದರೇನು?

‘ಸೈಕೆಡೆಲಿಕ್’ ಎಂಬ ಪದವನ್ನು 1950ರ ದಶಕದಲ್ಲಿ ಚಾಲ್ತಿಗೆ ತಂದವರು ಮನೋವೈದ್ಯ ಹಂಫ್ರಿ ಆಸ್ಮಂಡ್. ಮನಸ್ಸು ಮತ್ತು ಪ್ರಕಟಗೊಳ್ಳುವಿಕೆ ಎಂಬರ್ಥದ ಎರಡು ಗ್ರೀಕ್ ಪದಗಳ ಜೋಡಣೆ ಅದು. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಯುವ ಸಂಗೀತಗಾರರು ಮಾದಕ ದ್ರವ್ಯಗಳ ಪ್ರಭಾವದ ಅನುಭವಗಳನ್ನು ಧ್ವನಿಯಲ್ಲಿ ಹಿಡಿಯಲು ಹೊರಟಾಗ ಈ ವಿಶೇಷಣ ರಾಕ್ ಸಂಗೀತಕ್ಕೂ ಅಂಟಿಕೊಂಡಿತು. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದ ದೀರ್ಘ ವಾದನ, ಒಂದೇ ಶ್ರುತಿಯ ಮೇಲೆ ನಿಂತ ಗುಂಗು, ಪ್ರತಿಧ್ವನಿ ಹಾಗೂ ವಿದ್ಯುನ್ಮಾನ ಪರಿಣಾಮಗಳ ಬಳಕೆ ಅದರ ಮುಖ್ಯ ಲಕ್ಷಣಗಳು.

ಶ್ರುತಿಯ ಗುಂಗನ್ನು ಅರಸಿ ಹೊರಟವರಿಗೆ ಭಾರತೀಯ ಸಂಗೀತ ಸಹಜವಾಗಿಯೇ ಆಕರ್ಷಕವಾಗಿ ಕಂಡಿತು. ಬೀಟಲ್ಸ್ ತಂಡ 1965ರಲ್ಲಿ ತನ್ನ ಗೀತೆಯೊಂದರಲ್ಲಿ ಸಿತಾರ್ ಬಳಸಿತು. ಪಂಡಿತ್ ರವಿಶಂಕರ್ 1967ರ ಮಾಂಟೆರೆ ಮತ್ತು 1969ರ ವುಡ್‌ಸ್ಟಾಕ್ ಉತ್ಸವಗಳಲ್ಲಿ ನುಡಿಸಿದರು. ಆದರೆ ಅಮಲಿನಲ್ಲಿದ್ದ ಶ್ರೋತೃಗಳ ಬಗ್ಗೆ ತಮಗಿದ್ದ ಅಸಮಾಧಾನವನ್ನು ಅವರು ಮುಚ್ಚಿಡಲಿಲ್ಲ. ಆ ಕಾಲದ ಬಹುಪಾಲು ರಾಕ್ ಧ್ವನಿಮುದ್ರಿಕೆಗಳಲ್ಲಿ ಸಿತಾರ್ ಬಂದದ್ದು ಬಣ್ಣಕ್ಕಾಗಿ. ರಾಗದ ವಿಸ್ತಾರವಾಗಲಿ, ತಾಳದ ಶಿಸ್ತಾಗಲಿ ಅವುಗಳಲ್ಲಿ ಇರಲಿಲ್ಲ. ಅವು ಕಂಡ ಭಾರತವೂ ಹೆಚ್ಚಾಗಿ ಹಿಂದೂಸ್ತಾನಿ ಪದ್ಧತಿಯ ಭಾರತ. ದಕ್ಷಿಣದ ಲಯಪದ್ಧತಿ ಪಶ್ಚಿಮದ ರಾಕ್ ವೇದಿಕೆಯ ಮೇಲೆ ಕೇಳಿಬರಲು ಇನ್ನೂ ಒಂದು ದಶಕ ಕಾಯಬೇಕಾಯಿತು.

ಎಂಬ್ರಿಯೊ ಜನನ

ಎಂಬ್ರಿಯೊ ತಂಡದ ಕೇಂದ್ರ ವ್ಯಕ್ತಿ ಕ್ರಿಸ್ಟಿಯನ್ ಬುರ್ಖಾರ್ಡ್. 1946ರಲ್ಲಿ ಬವೇರಿಯಾ ಪ್ರಾಂತ್ಯದ ಹೋಫ್ ಎಂಬಲ್ಲಿ ಜನಿಸಿದ ಆತ ಡ್ರಮ್ಸ್ ಮತ್ತು ವೈಬ್ರಾಫೋನ್ ವಾದಕ. ಅಮೆರಿಕದ ಜಾಜ್ ಪಿಯಾನೋ ವಾದಕ ಮಾಲ್ ವಾಲ್ಡ್ರನ್ ಜೊತೆ ನುಡಿಸಿದ ಅನುಭವ ಆತನಿಗಿತ್ತು. ಸ್ಯಾಕ್ಸೋಫೋನ್ ಹಾಗೂ ಪಿಟೀಲು ವಾದಕ ಎಡ್ಗರ್ ಹಾಫ್ಮನ್ ಮೊದಲಾದವರ ಜೊತೆಗೂಡಿ ಕಟ್ಟಿದ ತಂಡ 1970ರಲ್ಲಿ ‘ಓಪಲ್’ ಎಂಬ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. ಕ್ಯಾನ್, ಆಮೊನ್ ಡ್ಯೂಲ್, ಪೊಪೊಲ್ ವೂ, ಟ್ಯಾಂಜರೀನ್ ಡ್ರೀಮ್ ಮೊದಲಾದ ಜರ್ಮನ್ ತಂಡಗಳು ಪ್ರವರ್ಧಮಾನಕ್ಕೆ ಬರುತ್ತಿದ್ದ ಕಾಲವದು. ಬ್ರಿಟಿಷ್ ಪತ್ರಿಕೆಗಳು ಈ ಅಲೆಗೆ ‘ಕ್ರೌಟ್‌ರಾಕ್’ ಎಂದು ಹೆಸರಿಟ್ಟವು. ಎರಡನೆಯ ಮಹಾಯುದ್ಧದ ನಂತರ ಬೆಳೆದ ಈ ಪೀಳಿಗೆಗೆ ತಮ್ಮ ಹಿರಿಯರ ಸಂಗೀತವನ್ನೂ ಮುಂದುವರಿಸಬೇಕಾಗಿರಲಿಲ್ಲ, ಅಮೆರಿಕದ ಬ್ಲೂಸ್ ಅನುಕರಣೆಯೂ ಬೇಕಿರಲಿಲ್ಲ.

ಎಂಬ್ರಿಯೊ ಈ ಗುಂಪಿನಲ್ಲಿದ್ದೂ ಭಿನ್ನವಾಗಿತ್ತು. ಜಾಜ್‌ನ ಮನೋಧರ್ಮ ಅದಕ್ಕೆ ಆರಂಭದಿಂದಲೇ ಇತ್ತು. 1970ರ ದಶಕದ ಮೊದಲ ಭಾಗದಲ್ಲಿ ಉತ್ತರ ಆಫ್ರಿಕಾಕ್ಕೆ ಹೋಗಿಬಂದ ತಂಡಕ್ಕೆ, ಏಳು, ಒಂಬತ್ತು, ಹನ್ನೊಂದು ಎಣಿಕೆಯ ಆವರ್ತಗಳು ಅಲ್ಲಿನ ಸಾಮಾನ್ಯರ ಕುಣಿತದಲ್ಲೇ ಇರುವುದು ಗೋಚರಿಸಿತು. ನಾಲ್ಕರ ಎಣಿಕೆಗೆ ಬದ್ಧವಾದ ರಾಕ್ ಸಂಗೀತಕ್ಕೆ ಇದು ಹೊಸ ಬಾಗಿಲು.

ವಾಣಿಜ್ಯ ವ್ಯವಸ್ಥೆಯ ಬಗೆಗೂ ತಂಡದ ನಿಲುವು ಸ್ಪಷ್ಟವಿತ್ತು. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿನಿಂದ ಹೊರಬರಲು ಹಲವು ಜರ್ಮನ್ ತಂಡಗಳು ಒಗ್ಗೂಡಿ 1976ರಲ್ಲಿ ‘ಏಪ್ರಿಲ್’ ಎಂಬ ಸ್ವಂತ ಸಂಸ್ಥೆ ಕಟ್ಟಿದವು. ಮುಂದೆ ಅದೇ ‘ಷ್ನೇಬಾಲ್’, ಅಂದರೆ ಹಿಮದ ಉಂಡೆ, ಎಂದು ಹೆಸರು ಬದಲಿಸಿಕೊಂಡಿತು. ಎಂಬ್ರಿಯೊ ಅದರ ಪ್ರಮುಖ ಪಾಲುದಾರ. ಏನನ್ನು ಮುದ್ರಿಸಬೇಕು, ಯಾರ ಹೆಸರು ಹಾಕಬೇಕು ಎಂಬುದನ್ನು ಸಂಗೀತಗಾರರೇ ತೀರ್ಮಾನಿಸುವ ಈ ಏರ್ಪಾಡು, ಮುಂದೆ ಬೆಂಗಳೂರಿನ ಕಲಾವಿದರೊಡನೆ ಕೆಲಸ ಮಾಡುವಾಗ ತಂಡದ ಕೈಗಳನ್ನು ಮುಕ್ತವಾಗಿಟ್ಟಿತು.

ಏಷ್ಯಾದ ಹೆದ್ದಾರಿಯಲ್ಲಿ

1978ರಲ್ಲಿ ಎಂಬ್ರಿಯೊ ಸದಸ್ಯರು ವಾದ್ಯಗಳನ್ನು ಬಸ್ಸಿಗೇರಿಸಿ ಮ್ಯೂನಿಕ್‌ನಿಂದ ಭಾರತದತ್ತ ಹೊರಟರು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದುಬರುವ ಈ ದಾರಿ ಆಗ ‘ಹಿಪ್ಪಿ ಹಾದಿ’ ಎಂದು ಪ್ರಸಿದ್ಧವಾಗಿತ್ತು. ಹಿಪ್ಪಿಗಳಲ್ಲಿ ಬಹುಮಂದಿ ಅಗ್ಗದ ವಾಸ, ಅಮಲು ಹಾಗೂ ಅಧ್ಯಾತ್ಮವನ್ನು ಅರಸಿ ಬಂದವರು. ಎಂಬ್ರಿಯೊ ತಂಡದ ಉದ್ದೇಶ ಬೇರೆ. ಹಾದಿಯುದ್ದಕ್ಕೂ ಸ್ಥಳೀಯ ಸಂಗೀತಗಾರರನ್ನು ಭೇಟಿಯಾಗಿ, ಅವರೊಡನೆ ಕುಳಿತು ನುಡಿಸಿ, ಅದನ್ನು ಧ್ವನಿಮುದ್ರಿಸಿಕೊಳ್ಳುವುದು ಅದರ ಯೋಜನೆಯಾಗಿತ್ತು. ಕಾಬೂಲಿನಲ್ಲಿ ಅಫ್ಘನ್ ಕಲಾವಿದರ ಜೊತೆಗಿನ ವಾದನ ಆ ಪಯಣದ ಮುಖ್ಯ ಘಟ್ಟಗಳಲ್ಲೊಂದು.

ಈ ಯಾತ್ರೆಯ ಫಲವಾಗಿ ‘ಎಂಬ್ರಿಯೋಸ್ ರೈಸೆ’, ಅಂದರೆ ‘ಎಂಬ್ರಿಯೊ ಪಯಣ’, ಎಂಬ ಜೋಡಿ ಧ್ವನಿಮುದ್ರಿಕೆ ಹೊರಬಂತು. ನಿರ್ದೇಶಕ ವರ್ನರ್ ಪೆಂಜೆಲ್ ಅದೇ ಯಾತ್ರೆಯನ್ನು ಚಿತ್ರೀಕರಿಸಿ 1980ರಲ್ಲಿ ‘ವಾಗಾಬುಂಡನ್ ಕರವಾನೆ’ ಎಂಬ ಸಾಕ್ಷ್ಯಚಿತ್ರವನ್ನು ತೆರೆಗೆ ತಂದರು. ಈ ಎರಡೂ ಕೃತಿಗಳಿಗೆ ಇಂದು ಚಾರಿತ್ರಿಕ ದಾಖಲೆಗಳ ಬೆಲೆ ಇದೆ. 1979ರ ಆರಂಭದಲ್ಲಿ ಇರಾನ್ ಕ್ರಾಂತಿಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಪ್ರವೇಶಿಸಿತು. ಯುರೋಪಿನಿಂದ ಭಾರತಕ್ಕೆ ಬಸ್ಸಿನಲ್ಲಿ ಬರುವ ಹಾದಿ ಅಲ್ಲಿಗೆ ಮುಚ್ಚಿಹೋಯಿತು. ಎಂಬ್ರಿಯೊ ಕೇಳಿಸಿಕೊಂಡ ಕಾಬೂಲಿನ ಸಂಗೀತ ಲೋಕವೂ ಮುಂದಿನ ದಶಕಗಳ ಯುದ್ಧದಲ್ಲಿ ಛಿದ್ರವಾಯಿತು.

ಮೃದಂಗದ ಮನೆ

ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಸ್ಥಾಪನೆಯಾದದ್ದು 1964ರಲ್ಲಿ. ಅದನ್ನು ಕಟ್ಟಿದವರು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಾಳವಾದ್ಯಗಾರ ಪಕ್ಕವಾದ್ಯದವನು. ಅವನಿಗೆ ಸ್ವತಂತ್ರವಾಗಿ ನುಡಿಸಲು ಸಿಗುವುದು ‘ತನಿ ಆವರ್ತನ’ದ ಕೆಲವು ನಿಮಿಷಗಳು ಮಾತ್ರ. ಕೆಲವು ಶ್ರೋತೃಗಳು ಎದ್ದು ಕಾಫಿಗೆ ಹೊರಡುವುದೂ ಅದೇ ಹೊತ್ತಿಗೆ! ಇಂತಹ ಪರಿಸರದಲ್ಲಿ ತಾಳವಾದ್ಯಗಳಿಗೆಂದೇ ಒಂದು ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲುಗಳನ್ನು ಒಂದೇ ಸೂರಿನಡಿ ತಂದು, ‘ತಾಳ ತರಂಗಿಣಿ’ ಎಂಬ ವೃಂದವನ್ನೂ ರೂಪಿಸಿದ್ದು ಅವರ ಸಾಧನೆ.

ಈ ವೃಂದದ ಇನ್ನೊಂದು ಆಧಾರಸ್ತಂಭ ಮಣಿಯವರ ಪತ್ನಿ, ಗಾಯಕಿ ಆರ್.ಎ. ರಾಮಮಣಿ. ಸಾಂಪ್ರದಾಯಿಕ ಕರ್ನಾಟಕ ಸಂಗೀತದ ಗಟ್ಟಿ ತಳಹದಿಯ ಮೇಲೆ ನಿಂತು, ಜಾಜ್ ಕಲಾವಿದರೊಡನೆ ನಿರಾತಂಕವಾಗಿ ಸಂವಾದ ನಡೆಸಬಲ್ಲ ಕಂಠ ಅವರದು. ಘಟ, ಮೋರ್ಸಿಂಗ್ ಮತ್ತು ಕೊನ್ನಕ್ಕೋಲಿನಲ್ಲಿ ಆರ್.ಎ. ರಾಜಗೋಪಾಲ್, ಖಂಜಿರ ಮತ್ತು ಕೊನ್ನಕ್ಕೋಲಿನಲ್ಲಿ ಟಿ.ಎನ್. ಶಶಿಕುಮಾರ್ ಜೊತೆಗೂಡಿದರು. ಎಂಬ್ರಿಯೊ ತಂಡಕ್ಕೆ ದೊರೆತದ್ದು ಇಂತಹ ಸುಸಜ್ಜಿತ ವೃಂದ. ಒಬ್ಬ ಸಿತಾರ್ ವಾದಕನನ್ನು ಕರೆಸಿ ಎರಡು ಸಾಲು ನುಡಿಸಿಕೊಂಡು ಕಳುಹಿಸುವ ರೂಢಿಗೂ, ಒಂದು ಶಾಲೆಯ ಇಡೀ ವೃಂದದೊಡನೆ ಸರಿಸಮನಾಗಿ ಕೂರುವುದಕ್ಕೂ ಅಜಗಜಾಂತರವಿದೆ.

ಬಾಯಿಪಾಠದ ಗಣಿತ

ರಾಕ್ ಸಂಗೀತಗಾರರು ಈ ಪದ್ಧತಿಯಲ್ಲಿ ಕಂಡದ್ದೇನು ಎಂಬುದನ್ನು ತಿಳಿಯಲು ಕೊನ್ನಕ್ಕೋಲಿನ ಸ್ಥೂಲ ಪರಿಚಯ ಅಗತ್ಯ. ವಾದ್ಯದಲ್ಲಿ ನುಡಿಸುವುದನ್ನು ಬಾಯಲ್ಲಿ ಹೇಳುವ ಕಲೆ ಅದು. ಮೂರಕ್ಷರಕ್ಕೆ ‘ತಕಿಟ’, ನಾಲ್ಕಕ್ಕೆ ‘ತಕಧಿಮಿ’, ಐದಕ್ಕೆ ‘ತಕತಕಿಟ’, ಏಳಕ್ಕೆ ‘ತಕಿಟತಕಧಿಮಿ’, ಒಂಬತ್ತಕ್ಕೆ ‘ತಕಧಿಮಿತಕತಕಿಟ’. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳು ಇವೇ. ಕೈಯಲ್ಲಿ ತಾಳ ನಡೆಯುತ್ತಿರುತ್ತದೆ, ಬಾಯಲ್ಲಿ ಲೆಕ್ಕ ಓಡುತ್ತಿರುತ್ತದೆ.

ಸರಳವಾದ ನಿದರ್ಶನವೊಂದನ್ನು ನೋಡಬಹುದು. ಆದಿತಾಳಕ್ಕೆ ಎಂಟು ಅಕ್ಷರ. ಪ್ರತಿ ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಒಂದು ಆವರ್ತಕ್ಕೆ 32 ಮಾತ್ರೆ. ಎಂಟು ಮಾತ್ರೆಯ ಸೊಲ್ಲುಕಟ್ಟನ್ನು ಮೂರು ಸಲ ಹೇಳಿ, ನಡುವೆ ಎರಡು ಕಡೆ ನಾಲ್ಕು ನಾಲ್ಕು ಮಾತ್ರೆಯ ಬಿಡುವು ಕೊಟ್ಟರೆ 24ಕ್ಕೆ 8 ಸೇರಿ 32 ಆಗುತ್ತದೆ. ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ಬಂದು ಇಳಿಯುತ್ತಾರೆ. ಇದೇ ‘ಮುಕ್ತಾಯ’. ಸೊಲ್ಲುಕಟ್ಟು ಐದರದೋ ಏಳರದೋ ಆದಾಗ ಬಿಡುವುಗಳನ್ನು ಹೊಂದಿಸುವ ಲೆಕ್ಕ ಜಟಿಲವಾಗುತ್ತದೆ. ಕೇಳುಗನಿಗೆ ದಾರಿ ತಪ್ಪಿದಂತೆ ಭಾಸವಾಗುತ್ತದೆ. ಕೊನೆಗೆ ಎಲ್ಲವೂ ಸರಿಯಾದ ಜಾಗಕ್ಕೆ ಬಂದು ನಿಂತಾಗ ಆಗುವ ಆನಂದವೇ ಈ ಕಲೆಯ ಜೀವಾಳ.

ಸೈಕೆಡೆಲಿಕ್ ಸಂಗೀತಗಾರರು ಬಯಸಿದ್ದೂ ಕಾಲದ ಪರಿವೆ ಕರಗುವ ಅನುಭವವನ್ನೇ. ಅದಕ್ಕೆ ಅವರಲ್ಲಿ ಅನೇಕರು ಹಿಡಿದ ದಾರಿ ಅಮಲಿನದು. ಲೆಕ್ಕದ ಕಟ್ಟುನಿಟ್ಟಿನಿಂದಲೇ ಅಂತಹ ಅನುಭವವನ್ನು ಸಾಧಿಸಬಹುದು ಎಂಬ ಅರಿವನ್ನು ದಕ್ಷಿಣದ ಲಯಪದ್ಧತಿ ಅವರ ಮುಂದಿಟ್ಟಿತು. ಇದನ್ನು ಕಲಿಯಲು ವಾದ್ಯವೂ ಬೇಕಿಲ್ಲ, ಲಿಪಿಯೂ ಬೇಕಿಲ್ಲ. ಬಾಯಿ, ಕೈ ಮತ್ತು ಎದುರಿಗೆ ಒಬ್ಬ ಗುರು ಇದ್ದರೆ ಸಾಕು. ಮ್ಯೂನಿಕ್‌ನಿಂದ ಬಂದವರು ಬರಿಗೈಯಲ್ಲಿ ಒಯ್ಯಬಹುದಾದ ವಿದ್ಯೆಯಿದು.

‘ಲೈಫ್’ನಿಂದ ‘ಜ್ಯೋತಿ’ವರೆಗೆ

ಈ ಎರಡು ಲೋಕಗಳ ನಡುವೆ ಸೇತುವೆಯಾದ ವ್ಯಕ್ತಿ ಚಾರ್ಲಿ ಮರಿಯಾನೋ. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇಟಾಲಿಯನ್ ವಲಸಿಗರ ಮನೆಯಲ್ಲಿ ಜನಿಸಿದ ಈ ಸ್ಯಾಕ್ಸೋಫೋನ್ ವಾದಕ, ಚಾರ್ಲ್ಸ್ ಮಿಂಗಸ್‌ನಂತಹ ಜಾಜ್ ದಿಗ್ಗಜರ ಜೊತೆ ನುಡಿಸಿದವರು. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅವರ ಕಿವಿಗೆ ನಾಗಸ್ವರ ಬಿತ್ತು. ನಮ್ಮ ಮದುವೆಮನೆಯ ಓಲಗದ ಆ ವಾದ್ಯ ಅವರನ್ನು ಎಷ್ಟರಮಟ್ಟಿಗೆ ಸೆಳೆಯಿತೆಂದರೆ, ಪ್ರಸಿದ್ಧಿಯ ಉತ್ತುಂಗದಲ್ಲಿಯೇ ಭಾರತಕ್ಕೆ ಬಂದು ವಿದ್ಯಾರ್ಥಿಯಂತೆ ಕುಳಿತು ಅದನ್ನು ಅಭ್ಯಾಸ ಮಾಡಿದರು. 1973ರ ‘ವಿ ಕೀಪ್ ಆನ್’ ಧ್ವನಿಮುದ್ರಿಕೆಯಲ್ಲಿ ಅವರು ಎಂಬ್ರಿಯೊ ಜೊತೆಗೂಡಿದರು. ರಾಕ್ ತಂಡದ ವಿದ್ಯುತ್ ಗಿಟಾರಿನ ಪಕ್ಕದಲ್ಲಿ ನಾಗಸ್ವರ ಮೊಳಗಿದ್ದು ಹೀಗೆ.

1980ರ ‘ಲೈಫ್’ನಲ್ಲಿ ಎಂಬ್ರಿಯೊ, ಮರಿಯಾನೋ ಮತ್ತು ಬೆಂಗಳೂರಿನ ವೃಂದ ಒಂದಾದವು. ಅಲ್ಲಿಂದ ಮರಿಯಾನೋ ಹಾಗೂ ಬೆಂಗಳೂರು ಕಲಾವಿದರ ನಂಟು ರಾಕ್ ತಂಡದ ಆಚೆಗೂ ಬೆಳೆಯಿತು. 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಸ್ಟುಡಿಯೋದಲ್ಲಿ ಮುದ್ರಣಗೊಂಡ ‘ಜ್ಯೋತಿ’ ಈ ಸಖ್ಯದ ಶಿಖರ. ಅದರಲ್ಲಿ ಗಿಟಾರಿಲ್ಲ, ಡ್ರಮ್ಸ್ ಇಲ್ಲ. ರಾಮಮಣಿ ಅವರ ಕಂಠ ಮತ್ತು ತಂಬೂರಿ, ಮಣಿ, ರಾಜಗೋಪಾಲ್, ಶಶಿಕುಮಾರ್ ಅವರ ತಾಳವಾದ್ಯಗಳು, ಮರಿಯಾನೋ ಅವರ ಸೋಪ್ರಾನೋ ಸ್ಯಾಕ್ಸೋಫೋನ್ ಮತ್ತು ಕೊಳಲು, ಇಷ್ಟೇ. ಇಡೀ ಧ್ವನಿಮುದ್ರಿಕೆಯ ಸಂಗೀತ ಸ್ವರೂಪವನ್ನು ನಿರ್ಧರಿಸುವುದು ರಾಮಮಣಿ ಅವರ ಗಾಯನ. ಪಾಶ್ಚಾತ್ಯ ಕಲಾವಿದನೇ ಇಲ್ಲಿ ಅತಿಥಿ.

‘ಜ್ಯೋತಿ’ಯನ್ನು ಪ್ರಕಟಿಸಿದ್ದು ‘ಇಸಿಎಂ’ ಸಂಸ್ಥೆ. ಎಂಬ್ರಿಯೊ ಹುಟ್ಟಿದ ವರ್ಷವೇ, ಅದೇ ಮ್ಯೂನಿಕ್‌ನಲ್ಲಿ ಸ್ಥಾಪನೆಯಾಗಿ, ಮುಂದೆ ಸಮಕಾಲೀನ ಜಾಜ್‌ನ ಅತ್ಯಂತ ಗೌರವಾನ್ವಿತ ಪ್ರಕಾಶನವೆನಿಸಿದ ಸಂಸ್ಥೆಯಿದು. ಅದರ ಪಟ್ಟಿಯಲ್ಲಿ 1256ನೆಯ ಕ್ರಮಾಂಕ ‘ಜ್ಯೋತಿ’ಯದು. ಮರಿಯಾನೋ 2009ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಿಧನರಾದರು.

ಕವಲೊಡೆದ ಬಂಡಾಯಗಾರರು

ದೀರ್ಘ ಪಯಣಗಳು ತಂಡಗಳನ್ನು ಒಡೆಯುವುದೂ ಉಂಟು. ಏಷ್ಯಾ ಯಾತ್ರೆಯ ನಂತರ ಎಂಬ್ರಿಯೊದಿಂದ ಹೊರಬಂದ ಉವೆ ಮ್ಯೂಲ್‌ರಿಕ್, ಫ್ರೀಡೊ ಯೋಶ್ ಮತ್ತಿತರರು ಮಾರ್ಲನ್ ಕ್ಲೈನ್ ಜೊತೆಗೂಡಿ 1980ರ ದಶಕದ ಆರಂಭದಲ್ಲಿ ‘ಡಿಸಿಡೆಂಟನ್’, ಅರ್ಥಾತ್ ‘ಭಿನ್ನಮತೀಯರು’, ಎಂಬ ತಂಡ ಕಟ್ಟಿದರು. ಅವರ ಮೊದಲ ಧ್ವನಿಮುದ್ರಿಕೆ ‘ಜರ್ಮನಿಸ್ತಾನ್’ 1982ರಲ್ಲಿ ಪ್ರಕಟವಾಯಿತು. ಅದರಲ್ಲಿಯೂ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಹಭಾಗಿ. ಮಾತೃತಂಡವನ್ನು ಬಿಟ್ಟು ಬಂದವರೂ ಬೆಂಗಳೂರಿನ ನಂಟನ್ನು ಬಿಡಲಿಲ್ಲ ಎಂಬುದು ಗಮನಾರ್ಹ.

ಮುಂದೆ ಈ ತಂಡ ಮೊರಾಕ್ಕೊದತ್ತ ಹೊರಳಿತು. 1984ರ ‘ಸಹಾರಾ ಇಲೆಕ್ಟ್ರಿಕ್’ನ ‘ಫಾಟಾ ಮೊರ್ಗಾನಾ’ ಗೀತೆ ಯುರೋಪಿನ ನೃತ್ಯಗೃಹಗಳಲ್ಲಿ ಜನಪ್ರಿಯವಾಯಿತು. ವಿವಿಧ ದೇಶಗಳ ಲಯಗಳನ್ನು ಪಾಪ್ ಸಂಗೀತದೊಡನೆ ಬೆಸೆಯುವ ‘ವರ್ಲ್ಡ್ ಮ್ಯೂಸಿಕ್’ ಎಂಬ ಮಾರುಕಟ್ಟೆ ವಿಭಾಗಕ್ಕೆ ಲಂಡನ್ನಿನಲ್ಲಿ ಅಧಿಕೃತವಾಗಿ ನಾಮಕರಣವಾದದ್ದು 1987ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ ಜರ್ಮನ್ ರಾಕ್ ವಾದಕರು ಮತ್ತು ಬೆಂಗಳೂರಿನ ಮೃದಂಗ ವಿದ್ವಾಂಸರು ಆ ಕೆಲಸವನ್ನು ಆರಂಭಿಸಿದ್ದರು. 1993ರ ‘ದಿ ಜಂಗಲ್ ಬುಕ್’ ಮೂಲಕ ಡಿಸಿಡೆಂಟನ್ ಮತ್ತೆ ಭಾರತೀಯ ಧ್ವನಿಗಳತ್ತ ಮುಖಮಾಡಿತು.

ಬೆಂಗಳೂರಿನ ರಾಕ್ ಹುಡುಗರು

ಈ ಕಥನದಲ್ಲಿ ಎದುರು ದಿಕ್ಕಿನ ಪಯಣವೂ ಒಂದಿದೆ. 1970ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಪ್ರಮುಖ ರಾಕ್ ತಂಡಗಳಲ್ಲಿ ‘ಹ್ಯೂಮನ್ ಬಾಂಡೇಜ್’ ಒಂದು. ಸಹೋದರರಾದ ಸುರೇಶ್ ಮತ್ತು ರಮೇಶ್ ಶೋತಂ ಅದರ ಸದಸ್ಯರು. ಗಾಯಕಿ ರಾಧಾ ಥಾಮಸ್. ದೊಡ್ಡ ಧ್ವನಿಮುದ್ರಣ ಕಂಪನಿಗಳು ಭಾರತೀಯ ರಾಕ್ ತಂಡಗಳತ್ತ ಹೆಚ್ಚು ಗಮನ ಕೊಡದಿದ್ದ ಆ ದಿನಗಳಲ್ಲಿ ಇಂತಹ ತಂಡಗಳ ಕೀರ್ತಿ ಕೇಳಿದವರ ನೆನಪಿನಲ್ಲೇ ಉಳಿಯಬೇಕಿತ್ತು.

1948ರಲ್ಲಿ ಮದ್ರಾಸಿನಲ್ಲಿ ಜನಿಸಿದ ರಮೇಶ್ ಶೋತಂ ಆರಂಭದಲ್ಲಿ ಪಾಶ್ಚಾತ್ಯ ಡ್ರಮ್ಸ್ ವಾದಕರು. ರಾಕ್ ವೇದಿಕೆಯಿಂದ ಇಳಿದು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಮೊದಲಾದ ದಕ್ಷಿಣದ ತಾಳವಾದ್ಯಗಳನ್ನು ಅಭ್ಯಾಸ ಮಾಡಿದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ನಂತರ ಯುರೋಪಿಗೆ ತೆರಳಿ ಎಂಬ್ರಿಯೊ, ಚಾರ್ಲಿ ಮರಿಯಾನೋ, ಸ್ಟೀವ್ ಕೋಲ್ಮನ್, ಲೆಬನಾನ್ ಮೂಲದ ಊದ್ ವಾದಕ ರಬೀ ಅಬು ಖಲೀಲ್ ಮುಂತಾದವರ ಜೊತೆ ನುಡಿಸಿದರು. ಕಲೋನ್ ನಗರದಲ್ಲಿ ನೆಲೆಸಿ ‘ಮದ್ರಾಸ್ ಸ್ಪೆಷಲ್’ ಎಂಬ ತಮ್ಮದೇ ತಂಡ ಕಟ್ಟಿದರು. ಜರ್ಮನ್ನರು ತಾಳವನ್ನರಸಿ ಬೆಂಗಳೂರಿನತ್ತ ಬಂದರೆ, ಬೆಂಗಳೂರಿನ ರಾಕ್ ವಾದಕ ತನ್ನ ಮನೆಯ ತಾಳವನ್ನು ಹೊತ್ತು ಜರ್ಮನಿಗೆ ಹೋದರು. ಇಬ್ಬರೂ ಹಾದುಹೋದ ಬಾಗಿಲು ಮಾತ್ರ ಒಂದೇ.

ರಾಧಾ ಥಾಮಸ್ ಅಮೆರಿಕದ ನ್ಯೂಯಾರ್ಕ್‌ಗೆ ತೆರಳಿ ಜಾಜ್ ಗಾಯನದಲ್ಲಿ ತೊಡಗಿಕೊಂಡರು. ಅಲ್ಲಿ ದೀರ್ಘಕಾಲ ಕಳೆದು ಬೆಂಗಳೂರಿಗೆ ಮರಳಿ ‘ಯುಎನ್‌ಕೆ’ ಎಂಬ ವೃಂದದೊಡನೆ ಹಾಡಿದರು.

ಮುಂದಿನ ತಲೆಮಾರು

ಎಂಬ್ರಿಯೊ ಸದಸ್ಯರು ಹಿಡಿದ ದಾರಿಗಳೂ ಗಮನಾರ್ಹ. 1970ರ ದಶಕದ ಗಿಟಾರ್ ವಾದಕ ರೋಮನ್ ಬುಂಕಾ ಮುಂದೆ ಅರಬ್ಬರ ಊದ್ ವಾದ್ಯವನ್ನು ಕರಗತ ಮಾಡಿಕೊಂಡು, ಈಜಿಪ್ಟಿನ ಖ್ಯಾತ ಗಾಯಕ ಮೊಹಮದ್ ಮುನೀರ್ ಜೊತೆ ಕೆಲಸ ಮಾಡಿದರು. 2022ರಲ್ಲಿ ಅವರು ನಿಧನರಾದರು. ಬುರ್ಖಾರ್ಡ್ ನೇತೃತ್ವದ ತಂಡ 1980ರ ದಶಕದಲ್ಲಿ ನೈಜೀರಿಯಾದ ಯೊರುಬಾ ಡುಂಡುನ್ ಮದ್ದಳೆ ವೃಂದದೊಡನೆ ಧ್ವನಿಮುದ್ರಣ ಮಾಡಿತು. ಊರೂರಿಗೆ ಹೋಗಿ, ಅಲ್ಲಿನವರ ಪಕ್ಕದಲ್ಲಿ ಕುಳಿತು ಕಲಿಯುವ ಪರಿಪಾಠ ಕೊನೆಯವರೆಗೂ ಮುಂದುವರಿಯಿತು.

ಕ್ರಿಸ್ಟಿಯನ್ ಬುರ್ಖಾರ್ಡ್ 2018ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರೊಳಗೆ ತಂಡದ ಚುಕ್ಕಾಣಿ ಅವರ ಪುತ್ರಿ ಮರ್ಯಾ ಬುರ್ಖಾರ್ಡ್ ಕೈಗೆ ಬಂದಿತ್ತು. ಆಕೆಯ ನೇತೃತ್ವದ ‘ಔಫ್ ಔಫ್’ ಧ್ವನಿಮುದ್ರಿಕೆಯನ್ನು 2021ರಲ್ಲಿ ಹೊರತಂದದ್ದು ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಮ್ಯಾಡ್‌ಲಿಬ್ ಅವರ ಸಂಸ್ಥೆ. ಹಳೆಯ ಧ್ವನಿಮುದ್ರಿಕೆಗಳನ್ನು ಜಾಲಾಡಿ ಹೊಸ ಸಂಗೀತ ಕಟ್ಟುವ ಹಿಪ್‌ಹಾಪ್ ಪೀಳಿಗೆಗೂ ಎಂಬ್ರಿಯೊ ಆಕರವಾಗಿದೆ ಎಂಬುದಕ್ಕೆ ಇದು ನಿದರ್ಶನ.

ಇತ್ತ ಕೊನ್ನಕ್ಕೋಲು ಜಗತ್ತಿನಾದ್ಯ‌ಂತ ಡ್ರಮ್ಸ್ ಕಲಿಯುವವರಿಗೆ ಪರಿಚಿತ ಪಾಠವಾಗಿದೆ. ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಕ್ಲಿನ್ ಅವರ ‘ಶಕ್ತಿ’ ತಂಡಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಬೆಂಗಳೂರಿನ ಬಿ.ಸಿ. ಮಂಜುನಾಥ್, ಸೋಮಶೇಖರ ಜೋಯಿಸ್ ಅವರಂತಹ ಲಯಕಾರರ ಕೊನ್ನಕ್ಕೋಲು ದೃಶ್ಯಾವಳಿಗಳು ಅಂತರ್ಜಾಲದಲ್ಲಿ ದೇಶವಿದೇಶಗಳ ವೀಕ್ಷಕರನ್ನು ತಲುಪಿವೆ. ಇವರನ್ನೆಲ್ಲ ಎಂಬ್ರಿಯೊ ಬಳುವಳಿಯ ನೇರ ವಾರಸುದಾರರೆನ್ನಲಾಗದು. ಇವರದು ಗುರುಪರಂಪರೆಯಿಂದ ಬಂದ ವಿದ್ಯೆ. ಆದರೆ ಈ ವಿದ್ಯೆಗೆ ಕಿವಿಗೊಡಬಲ್ಲ ವಿದೇಶೀ ಶ್ರೋತೃವರ್ಗ ಒಂದೇ ದಿನದಲ್ಲಿ ರೂಪುಗೊಂಡದ್ದಲ್ಲ. ಅದರ ಹಿಂದೆ 1970 ಮತ್ತು 80ರ ದಶಕಗಳ ಇಂತಹ ಪ್ರಯೋಗಗಳ ದುಡಿಮೆಯಿದೆ.

ಹೆಸರಿನ ಪ್ರಶ್ನೆ

ಪೂರ್ವ ಮತ್ತು ಪಶ್ಚಿಮಗಳ ಸಂಗೀತ ಸಮಾಗಮದ ಬಗ್ಗೆ ಒಂದು ಆಕ್ಷೇಪ ಸದಾ ಇದೆ. ಪಶ್ಚಿಮದ ಕಲಾವಿದ ಬರುತ್ತಾನೆ, ಸ್ಥಳೀಯರ ವಿದ್ಯೆಯನ್ನು ಮುದ್ರಿಸಿಕೊಳ್ಳುತ್ತಾನೆ, ಹೆಸರು ಮತ್ತು ಹಣ ಎರಡೂ ಅವನ ಪಾಲಾಗುತ್ತವೆ ಎಂಬ ದೂರು ಅನೇಕ ಪ್ರಕರಣಗಳಲ್ಲಿ ನಿರಾಧಾರವೇನಲ್ಲ. ಹೊದಿಕೆಯ ಮೇಲೆ ‘ಜಾನಪದ’ ಅಥವಾ ‘ಸಾಂಪ್ರದಾಯಿಕ’ ಎಂದಷ್ಟೇ ನಮೂದಿಸಿ ನುಡಿಸಿದವರನ್ನು ಮರೆಸಿದ ಮುದ್ರಿಕೆಗಳಿಗೆ ಲೆಕ್ಕವಿಲ್ಲ.

ಎಂಬ್ರಿಯೊ ಮತ್ತು ಬೆಂಗಳೂರು ಕಲಾವಿದರ ಸಂಬಂಧ ಈ ಜಾಡನ್ನು ಬಿಟ್ಟು ನಡೆದದ್ದು ಮುಖ್ಯ. ಇಲ್ಲಿ ಹೊದಿಕೆಯ ಮೇಲೆ ಸಂಸ್ಥೆಯ ಹೆಸರಿದೆ, ಒಳಪುಟದಲ್ಲಿ ವಾದಕರ ಹೆಸರಿದೆ. ‘ಜ್ಯೋತಿ’ಯನ್ನು ಹುಡುಕುವವರು ಇಂದಿಗೂ ‘ಚಾರ್ಲಿ ಮರಿಯಾನೋ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂದೇ ಹುಡುಕಬೇಕು. ಈ ನಾಲ್ಕಾರು ಪದಗಳ ಬೆಲೆ ಸಣ್ಣದಲ್ಲ. ಹೆಸರಿದ್ದುದರಿಂದಲೇ ನಾಲ್ಕು ದಶಕಗಳ ನಂತರವೂ ಒಬ್ಬ ಕೇಳುಗ ಧ್ವನಿಯಿಂದ ಹೆಸರಿಗೆ, ಹೆಸರಿನಿಂದ ಊರಿಗೆ ತಲುಪಬಲ್ಲ.

ಆ ಊರಿನಲ್ಲಿ ಅವನಿಗೆ ಸಿಗುವುದೇನು ಎಂಬ ಪ್ರಶ್ನೆ ಮಾತ್ರ ಕನ್ನಡಿಗರಿಗೆ ಸೇರಿದ್ದು. ರಾಕ್ ತಂಡಗಳ ಚರಿತ್ರೆಯನ್ನು ಜರ್ಮನ್ನರು ಧ್ವನಿಮುದ್ರಿಕೆ, ಸಾಕ್ಷ್ಯಚಿತ್ರ, ಮರುಮುದ್ರಣಗಳ ರೂಪದಲ್ಲಿ ಜೋಪಾನ ಮಾಡಿದ್ದಾರೆ. ಅದೇ ಚರಿತ್ರೆಯ ಬೆಂಗಳೂರಿನ ಅರ್ಧಭಾಗವನ್ನು, ಪಾಠ ನಡೆದ ಬಗೆ, ತಾಲೀಮಿನ ಕ್ರಮ, ವೃಂದದ ಕಲಾವಿದರ ನೆನಪುಗಳನ್ನು, ಕನ್ನಡದಲ್ಲಿ ದಾಖಲಿಸುವುದು ಇಲ್ಲಿನ ಅಕಾಡೆಮಿಗಳು ಮತ್ತು ವಿಶ್ವವಿದ್ಯಾಲಯಗಳ ಕರ್ತವ್ಯ. ವಿರೂಪಾಪುರ ಗಡ್ಡಿಯ ಕಟ್ಟಡಗಳನ್ನು ಉರುಳಿಸಲು ಯಂತ್ರಗಳು ಬೇಕಾದವು. ಬಾಯಿಪಾಠದ ವಿದ್ಯೆಯ ನೆನಪು ಅಳಿಯಲು ಯಂತ್ರ ಬೇಕಿಲ್ಲ, ಬಲ್ಲವರು ಇರುವಾಗ ಕೇಳದೆ ಉಳಿದರೆ ಸಾಕು.

ಪ್ರಮುಖ ಘಟ್ಟಗಳು

1964: ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರಿಂದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪನೆ.
1969: ಮ್ಯೂನಿಕ್‌ನಲ್ಲಿ ಎಂಬ್ರಿಯೊ ಆರಂಭ. ಅದೇ ವರ್ಷ ಇಸಿಎಂ ಸಂಸ್ಥೆಯೂ ಆರಂಭ.
1970: ಎಂಬ್ರಿಯೊ ತಂಡದ ಮೊದಲ ಧ್ವನಿಮುದ್ರಿಕೆ ‘ಓಪಲ್’.
1973: ‘ವಿ ಕೀಪ್ ಆನ್’ನಲ್ಲಿ ಚಾರ್ಲಿ ಮರಿಯಾನೋ ಸೇರ್ಪಡೆ.
1976: ಸಂಗೀತಗಾರರದೇ ಆದ ‘ಏಪ್ರಿಲ್’ ಸಂಸ್ಥೆ, ನಂತರ ‘ಷ್ನೇಬಾಲ್’.
1978-79: ಮ್ಯೂನಿಕ್‌ನಿಂದ ಭಾರತಕ್ಕೆ ಬಸ್ ಯಾತ್ರೆ.
1980: ‘ಲೈಫ್’ ಧ್ವನಿಮುದ್ರಿಕೆ, ‘ವಾಗಾಬುಂಡನ್ ಕರವಾನೆ’ ಸಾಕ್ಷ್ಯಚಿತ್ರ.
1982: ಡಿಸಿಡೆಂಟನ್ ತಂಡದ ‘ಜರ್ಮನಿಸ್ತಾನ್’.
1983: ‘ಜ್ಯೋತಿ’ ಧ್ವನಿಮುದ್ರಣ.
2009: ಚಾರ್ಲಿ ಮರಿಯಾನೋ ನಿಧನ.
2018: ಕ್ರಿಸ್ಟಿಯನ್ ಬುರ್ಖಾರ್ಡ್ ನಿಧನ.
2021: ಮರ್ಯಾ ಬುರ್ಖಾರ್ಡ್ ನೇತೃತ್ವದಲ್ಲಿ ‘ಔಫ್ ಔಫ್’.
2022: ರೋಮನ್ ಬುಂಕಾ ನಿಧನ.